ಸುಣ್ಣದ ಗೂಡಿನ ಮನೆಯಿಂದ ಯಾಣಕ್ಕೆ

ಉತ್ತರ ಕನ್ನಡದ ಯಾಣಕ್ಕೆ ಹೋಗಿ ಬಂದವರೆಲ್ಲ ಅಲ್ಲಿನ ಬಂಡೆಗಳ ಎತ್ತರದ ಬಗ್ಗೆ ಹೇಳುತ್ತಾರೆ. ಕತ್ತೆತ್ತಿ ನೋಡಿದರೆ ತಲೆ ತಿರುಗುತ್ತದೆ ಅನ್ನುತ್ತಾರೆ. ನಿಜವೇ. ಆದರೆ ನಮ್ಮ ಮನೆಯವರಿಗೆ ಆ ಜಾಗ ಹತ್ತಿರ ಅನಿಸಿದ್ದಕ್ಕೆ ಬೇರೆ ಕಾರಣ ಇದೆ. ಅದು ಸುಣ್ಣದ ಕಲ್ಲು. ನಾವು ಸುಣ್ಣ ಸುಟ್ಟು ಬದುಕಿದವರು.

ನನ್ನ ತವರುಮನೆ ಕುಂದಾಪುರದ ಕಡೆ, ಹೊಳೆ ಸಮುದ್ರ ಸೇರುವ ಜಾಗದ ಹತ್ತಿರ. ಅಪ್ಪನಿಗೆ ಒಂದು ಸುಣ್ಣದ ಗೂಡಿತ್ತು. ಅಪ್ಪನ ನಂತರ ಅಣ್ಣ ಅದನ್ನು ನಡೆಸಿದ. ಹೊಳೆಯಿಂದ ದೋಣಿಯಲ್ಲಿ ಬಂದ ಮಳಿ (ಕಪ್ಪೆಚಿಪ್ಪು) ಚಿಪ್ಪನ್ನು ತೊಳೆದು ಒಣಗಿಸುತ್ತಿದ್ದರು. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಉರುಟು ಗೂಡಿನೊಳಗೆ ಒಂದು ಪದರ ಇದ್ದಿಲು, ಒಂದು ಪದರ ಚಿಪ್ಪು, ಮತ್ತೆ ಇದ್ದಿಲು, ಮತ್ತೆ ಚಿಪ್ಪು. ಕೆಳಗಿನಿಂದ ಗಾಳಿ ಹಾಕಿ ಸುಡುವುದು. ಸುಟ್ಟ ಮೇಲೂ ಚಿಪ್ಪು ನೋಡಲು ಚಿಪ್ಪೇ. ಬೆನ್ನಿನ ಗೆರೆಗಳು ಕೂಡ ಹಾಗೇ ಇರುತ್ತವೆ. ಕೈಗೆತ್ತಿಕೊಂಡರೆ ಮಾತ್ರ ಹಗುರ. ಅದರ ಮೇಲೆ ನೀರು ಚಿಮುಕಿಸಿದರೆ ಚಟಚಟ ಅಂತ ಬಿರಿಯುತ್ತದೆ, ಹಬೆ ಏಳುತ್ತದೆ, ನೋಡುತ್ತಿದ್ದಂತೆ ಬಿಳಿ ಹಿಟ್ಟಾಗಿ ಅರಳುತ್ತದೆ. ಚಿಕ್ಕವಳಿದ್ದಾಗ ನನಗೆ ಆ ಹೊತ್ತಿಗೆ ಅಲ್ಲಿ ನಿಲ್ಲುವುದೇ ಸಂಭ್ರಮ. ಹತ್ತಿರ ಹೋದರೆ ಅಪ್ಪ ಗದರುತ್ತಿದ್ದರು, ಕಣ್ಣಿಗೆ ಹಾರಿದರೆ ಕಣ್ಣು ಹೋಗುತ್ತದೆ ಅಂತ.

ಆ ಸುಣ್ಣ ಎಲೆಅಡಿಕೆಗೆ ಹೋಗುತ್ತಿತ್ತು, ಗೋಡೆಗೆ ಹೋಗುತ್ತಿತ್ತು. ಎಲ್ಲಕ್ಕಿಂತ ಜಾಸ್ತಿ ಅಡಿಕೆ ತೋಟಕ್ಕೆ ಹೋಗುತ್ತಿತ್ತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರಲ್ವಾ, ಅದಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಸುಣ್ಣ ಕಡಿಮೆಯಾದರೆ ಮೈಲುತುತ್ತಿನ ಹುಳಿಗೆ ಎಳೆ ಅಡಿಕೆಯೂ ಎಲೆಯೂ ಸುಡುತ್ತವೆ. ಈಗ ನಾನು ಉಡುಪಿಯಲ್ಲಿ ಒಂದು ಸೊಸೈಟಿಯ ಗೊಬ್ಬರದ ಕೌಂಟರಿನಲ್ಲಿ ಕೂರುತ್ತೇನೆ. ಮಳೆಗಾಲಕ್ಕೆ ಮೊದಲು ಮೈಲುತುತ್ತು, ಸುಣ್ಣದ ಚೀಲಗಳ ಬಿಲ್ ಬರೆಯುವುದೇ ಕೆಲಸ. ಬರುವ ಸುಣ್ಣ ಹೆಚ್ಚಾಗಿ ಕಲ್ಲಿನದ್ದು, ದೂರದ ಫ್ಯಾಕ್ಟರಿಯದ್ದು. ಅಣ್ಣನ ಗೂಡು ನಿಂತು ಹೋಗಿದೆ.

ಮಗಳು ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಓದುತ್ತಿದ್ದಾಳೆ. ವಿಷಯ ಸಾಗರ ಭೂವಿಜ್ಞಾನ. ರಜೆಯಲ್ಲಿ ಮನೆಗೆ ಬಂದಾಗ ಸುಣ್ಣದ ವಿಷಯ ಬಂದರೆ ಅವಳಿಗೂ ಅಣ್ಣನಿಗೂ ಮಾತು ಮುಗಿಯುವುದಿಲ್ಲ. ಸುಡುವಾಗ ತೂಕ ಯಾಕೆ ಇಳಿಯುತ್ತದೆ ಅಂತ ಅವಳು ಲೆಕ್ಕ ಮಾಡಿ ತೋರಿಸಿದ್ದಳು. ಶುದ್ಧ ಚಿಪ್ಪು 100 ಕಿಲೋ ಸುಟ್ಟರೆ ಉಳಿಯುವುದು 56 ಕಿಲೋ ಸುಟ್ಟ ಸುಣ್ಣ. ಮಿಕ್ಕ 44 ಕಿಲೋ ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ. ಗೋಡೆಗೆ ಬಳಿದ ಸುಣ್ಣ ಒಣಗುತ್ತಾ ಗಾಳಿಯಿಂದ ಅದೇ ಕಾರ್ಬನ್ ಡೈಆಕ್ಸೈಡನ್ನು ವಾಪಸ್ ಎಳೆದುಕೊಂಡು ಮತ್ತೆ ಕಲ್ಲಾಗುತ್ತದೆ. ಅಣ್ಣ ಜೀವಮಾನವೆಲ್ಲ ಕೈಯಲ್ಲಿ ಮಾಡಿದ ಕೆಲಸ. ಆದರೂ ಆ ಲೆಕ್ಕದ ಕಾಗದವನ್ನು ಅವನು ಮಡಚಿ ಪರ್ಸಿನಲ್ಲಿಟ್ಟುಕೊಂಡಿದ್ದಾನೆ. ಯಾಣಕ್ಕೆ ಹೋಗುವ ಅಂತ ಹೊರಡಿಸಿದವಳು ಅವಳೇ.

ಜನವರಿಯಲ್ಲಿ ಹೋದೆವು. ಉಡುಪಿಯಿಂದ ಕುಮಟಾಕ್ಕೆ ಹೆದ್ದಾರಿಯಲ್ಲಿ ಸುಮಾರು 150 ಕಿಲೋಮೀಟರ್. ಕುಂದಾಪುರದಲ್ಲಿ ಅಣ್ಣನನ್ನು ಹತ್ತಿಸಿಕೊಂಡು ಬೈಂದೂರು, ಭಟ್ಕಳ, ಹೊನ್ನಾವರ ದಾಟಿದೆವು. ದಿವಗಿಯಲ್ಲಿ ಹೆದ್ದಾರಿ ಬಿಟ್ಟು ಶಿರಸಿ ರಸ್ತೆ, ಆಮೇಲೆ ಕಾಡಿನ ಒಳರಸ್ತೆ. ದಾರಿ ಉದ್ದಕ್ಕೂ ಕಡಿದ ಗುಡ್ಡ ಎಲ್ಲಿ ಕಂಡರೂ ಕೆಂಪು ಮುರಕಲ್ಲು, ನಮ್ಮ ಊರಿನದ್ದೇ.

ಮುರಕಲ್ಲಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ನಮ್ಮ ಕರಾವಳಿಯ ಮಳೆಗೆ ನೆಲದಲ್ಲಿದ್ದ ಸುಣ್ಣ, ಸಿಲಿಕಾ ಎಲ್ಲ ತೊಳೆದು ಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಉಳಿದುಕೊಂಡದ್ದೇ ಮುರಕಲ್ಲು. ಅದಕ್ಕೇ ಕೆಂಪು. ಅದಕ್ಕೇ ನಮ್ಮ ತೋಟದ ಮಣ್ಣು ಹುಳಿ, ಅಡಿಕೆ ಬುಡಕ್ಕೆ ಸುಣ್ಣ ಹಾಕಬೇಕು. ಮುರಕಲ್ಲಿನಲ್ಲೂ ಗುಹೆ ಇದೆ. ಮಂಗಳೂರಿನ ಹತ್ತಿರದ ನೆಲ್ಲಿತೀರ್ಥದ ಗುಹೆ ಅಂಥದ್ದು. ಬಗ್ಗಿ, ತೆವಳಿ ಒಳಗೆ ಹೋಗಬೇಕು. ಅಲ್ಲಿ ಕಲ್ಲಿನ ನಡುವಿನ ಮೆದು ಮಣ್ಣು ನೀರಿನೊಟ್ಟಿಗೆ ಜಾರಿ ಹೋಗಿ ಪೊಳ್ಳಾಗುತ್ತದೆ. ಯಾಣದಲ್ಲಿ ಕಲ್ಲೇ ನೀರಿನಲ್ಲಿ ಕರಗುತ್ತದೆ. ಈ ವ್ಯತ್ಯಾಸ ಗೊತ್ತಿದ್ದು ನೋಡಿದರೆ ಎರಡೂ ಗುಹೆಗಳು ಬೇರೆ ಥರ ಕಾಣುತ್ತವೆ.

ಗಾಡಿ ನಿಲ್ಲಿಸಿ ಸ್ವಲ್ಪ ದೂರ ನಡೆಯಬೇಕು. ಪಕ್ಕದಲ್ಲೇ ಚಂಡಿಕಾ ಹೊಳೆ. ಸಣ್ಣ ನೀರು, ಕಲ್ಲುಗಳ ಮಧ್ಯೆ ತೂರಿಕೊಂಡು ಹೋಗುತ್ತದೆ. ಮರಗಳ ಸಂದಿಯಿಂದ ಮೊದಲು ಕಾಣುವುದು ಮೋಹಿನಿ ಶಿಖರ, 90 ಮೀಟರ್. ಅದರಿಂದಾಚೆ ಭೈರವೇಶ್ವರ ಶಿಖರ, 120 ಮೀಟರ್. ಕಾಡಿನ ನಡುವೆ ಇದ್ದಕ್ಕಿದ್ದಂತೆ ಎದ್ದು ನಿಂತಿವೆ. ಬುಡದಿಂದ ತುದಿಯವರೆಗೂ ಕಪ್ಪು, ಚೂಪು ಚೂಪು ಏಣುಗಳು, ನಡುವೆ ಉದ್ದುದ್ದ ಗೀರುಗಳು. ಒಳಗಾಡಿನಲ್ಲಿ ಇಂಥ ಬಂಡೆಗಳು ಇನ್ನೂ ಹಲವು ಇವೆಯಂತೆ. ಜನ ನೋಡುವುದು ಈ ಎರಡನ್ನು.

ಸುಣ್ಣ ಅಂದರೆ ಬಿಳಿ ಅಂತ ನಂಬಿದ ಅಣ್ಣನಿಗೆ ಆ ಕಪ್ಪು ಒಪ್ಪಿಗೆಯಾಗಲಿಲ್ಲ. ಬಂಡೆ ಹತ್ತಿರ ಹೋಗಿ ಅಂಗೈ ಇಟ್ಟು ನಿಂತ. ಹೊರಗಿನ ಕಪ್ಪಿಗೆ ಪಾಚಿ, ಕಲ್ಲುಹೂವು, ಮಳೆ ಬಿಸಿಲು ಎಲ್ಲ ಸೇರಿವೆ ಅಂತ ಮಗಳು ಹೇಳಿದಳು. ಉದ್ದ ಗೀರುಗಳು ಮಳೆ ನೀರು ಇಳಿದ ದಾರಿಗಳು. ಪ್ರತಿ ಮಳೆಗಾಲದಲ್ಲೂ ಅದೇ ದಾರಿ ಹಿಡಿದು ಇಳಿದು ಇಳಿದು ಕಲ್ಲನ್ನು ಕರಗಿಸಿ ಆಳ ಮಾಡಿಕೊಂಡಿದೆ. ಏಣುಗಳು ಕರಗದೆ ಉಳಿದ ಭಾಗ. ಅಣ್ಣ ಲಿಂಬೆಹಣ್ಣು ಹಿಂಡಿ ನೋಡುವ ಅಂದ. ಹುಳಿ ಬಿದ್ದರೆ ಸುಣ್ಣದಕಲ್ಲು ನೊರೆಯುತ್ತದೆ, ಚಿಪ್ಪಿನ ಹಾಗೇ. ಮಗಳು ಬಿಡಲಿಲ್ಲ. "ಮನೆಯಲ್ಲಿ ಚಿಪ್ಪಿನ ಮೇಲೆ ಹಿಂಡಿ ಮಾವ, ಇಲ್ಲಿ ಬೇಡ. ದಿನಕ್ಕೆ ಇಷ್ಟು ಜನ ಬರುವ ಜಾಗ, ಎಲ್ಲರೂ ಹೀಗೇ ಮಾಡಿದರೆ?" ಅಂದಳು. ಅವನು ಲಿಂಬೆಯನ್ನು ಚೀಲಕ್ಕೆ ಹಾಕಿಕೊಂಡ.

"ಹಾಂಗಾರೆ ಇದೂ ಚಿಪ್ಪಿಂದ್ಲೇ ಆದದ್ದಾ?" ಅಂತ ಕೇಳಿದ. ನನಗೂ ಅದೇ ಪ್ರಶ್ನೆ ಇತ್ತು. ಲೋಕದ ಎಷ್ಟೋ ಸುಣ್ಣದಕಲ್ಲು ಸಮುದ್ರದ ತಳದಲ್ಲಿ ಚಿಪ್ಪು, ಹವಳ ರಾಶಿ ಬಿದ್ದು ಗಟ್ಟಿಯಾದದ್ದು. ಆದರೆ ನಮ್ಮ ಈ ಭಾಗದ ಸುಣ್ಣದಕಲ್ಲು ಧಾರವಾಡ ಶಿಲಾಸಮೂಹಕ್ಕೆ ಸೇರಿದ್ದು, 250 ಕೋಟಿ ವರ್ಷಕ್ಕಿಂತ ಹಳೆಯದು. ಚಿಪ್ಪಿನ ಪ್ರಾಣಿಗಳು ಹುಟ್ಟಿದ್ದು ಸುಮಾರು 54 ಕೋಟಿ ವರ್ಷದ ಹಿಂದೆ. ಅಂದರೆ ಈ ಕಲ್ಲು ಹುಟ್ಟುವಾಗ ಸಮುದ್ರದಲ್ಲಿ ಮಳಿಯೂ ಇಲ್ಲ, ಮೀನೂ ಇಲ್ಲ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಾತ್ರ. ಆಳವಿಲ್ಲದ ನೀರಿನಲ್ಲಿ ಅವು ಪದರ ಪದರವಾಗಿ ಹರಡಿಕೊಂಡು ಸುಣ್ಣವನ್ನು ಹಿಡಿದಿಟ್ಟ ಗುರುತುಗಳು ಶಿವಮೊಗ್ಗದ ಕುಂಸಿಯ ಕಡೆ ಇಂಥದೇ ಹಳೇ ಕಲ್ಲುಗಳಲ್ಲಿ ಸಿಕ್ಕಿವೆ. ಅಣ್ಣ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಬಂಡೆಯನ್ನು ಮತ್ತೊಮ್ಮೆ ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡ. ಮುಂದೆ ಇದ್ದ ದೇವಸ್ಥಾನದ ಕಡೆ ತಿರುಗದೆ, ಆ ಬಂಡೆಗೇ ಮಾಡಿದ ನಮಸ್ಕಾರ ಅದು.

ಯಾಣದ ಕಥೆ ಎಲ್ಲರಿಗೂ ಗೊತ್ತಿದೆ. ಭಸ್ಮಾಸುರ ಶಿವನನ್ನು ಅಟ್ಟಿಸಿಕೊಂಡು ಬಂದ, ವಿಷ್ಣು ಮೋಹಿನಿಯಾಗಿ ಕುಣಿದು ಅವನ ಕೈಯನ್ನು ಅವನ ತಲೆಯ ಮೇಲೇ ಇಡಿಸಿದ. ಅವನು ಸುಟ್ಟು ಬಿದ್ದ ಬೂದಿಯಿಂದಲೇ ಇಲ್ಲಿನ ಮಣ್ಣು ಕಪ್ಪು ಅನ್ನುತ್ತಾರೆ. ಶಿವರಾತ್ರಿಗೆ ದೊಡ್ಡ ಜಾತ್ರೆ. ಇಲ್ಲಿಂದ ತೀರ್ಥ ತೆಗೆದುಕೊಂಡು ಗೋಕರ್ಣಕ್ಕೆ ಹೋಗುವ ಕ್ರಮವೂ ಇದೆ. "ಸೊಕ್ಕಿದ್ದವ ಯಾಣ, ರೊಕ್ಕಿದ್ದವ ಗೋಕರ್ಣ" ಅನ್ನುವ ಗಾದೆ ನಮ್ಮಮ್ಮನೂ ಹೇಳುತ್ತಿದ್ದರು. ರಸ್ತೆ ಇಲ್ಲದ ಕಾಲದಲ್ಲಿ ಮೈಯಲ್ಲಿ ಕಸುವಿದ್ದವನಿಗೆ ಮಾತ್ರ ಯಾಣ. ಅಮ್ಮನಿಗೆ ಕೊನೆವರೆಗೂ ಬರಲಿಕ್ಕಾಗಲಿಲ್ಲ. ಈಗ ಮಂಡಿ ನೋವಿನ ಅಣ್ಣನೂ ಮೆಟ್ಟಿಲು ಹತ್ತಿ ಬರಬಹುದು.

ಚಪ್ಪಲಿ ಬಿಟ್ಟು ಭೈರವೇಶ್ವರ ಶಿಖರದ ಒಳಗೆ ಹೋಗಬೇಕು. ಇದು ನನಗೆ ತುಂಬ ಇಷ್ಟವಾಯಿತು. ಬರಿಗಾಲಿಗೆ ಕಲ್ಲಿನ ತಣ್ಣಗು ಮೊದಲು ತಾಗುತ್ತದೆ, ಆಮೇಲೆ ತೇವ. ಬಂಡೆ ಸೀಳಿ ಎರಡಾದ ಜಾಗದಲ್ಲಿ ಮೆಟ್ಟಿಲು. ಎರಡೂ ಬದಿಯ ಗೋಡೆ ಮೇಲೆ ಹೋಗುತ್ತಾ ಹೋಗುತ್ತಾ ಹತ್ತಿರವಾಗುತ್ತದೆ. ತುದಿಯಲ್ಲಿ ಆಕಾಶ ಒಂದು ಪಟ್ಟಿಯಷ್ಟೇ. ಹೊರಗೆ ಬೆವರುತ್ತಿದ್ದವರಿಗೆ ಇಲ್ಲಿ ಸೆರಗು ಹೊದ್ದುಕೊಳ್ಳಬೇಕು ಅನಿಸುತ್ತದೆ. ಕೆಳಗಿನ ಗುಹೆಯಲ್ಲಿ ಸ್ವಯಂಭೂ ಲಿಂಗ. ಅದರ ಮೇಲೆ ಬಂಡೆಯ ಮಾಡಿನಿಂದ ನೀರು ತೊಟ್ಟಿಕ್ಕುತ್ತದೆ. ಗಂಗೋದ್ಭವ ಅನ್ನುತ್ತಾರೆ.

ನಾನು ಒಂದು ಹನಿಯನ್ನು ಕಣ್ಣಲ್ಲೇ ಹಿಂಬಾಲಿಸಿದೆ. ಮಾಡಿನ ಒಂದು ಸಣ್ಣ ಮೊನೆಯಲ್ಲಿ ನೀರು ಒಟ್ಟಾಗುತ್ತದೆ. ಉಬ್ಬುತ್ತದೆ. ಮೊನೆಯಿಂದ ಜೋತು ನಿಲ್ಲುತ್ತದೆ, ಈಗ ಬೀಳುತ್ತದೆ ಅನ್ನುವಷ್ಟರಲ್ಲಿ ಇನ್ನೂ ಸ್ವಲ್ಪ ಉಬ್ಬುತ್ತದೆ. ಬಾಗಿಲ ಕಡೆಯಿಂದ ಬಂದ ಬೆಳಕು ಅದರೊಳಗೆ ತಲೆಕೆಳಗಾಗಿ ಕಾಣುತ್ತದೆ. ಆಮೇಲೆ ಬೀಳುತ್ತದೆ. ಬಿದ್ದ ಕೂಡಲೇ ಮೊನೆಯಲ್ಲಿ ಇನ್ನೊಂದು ಒಟ್ಟಾಗಲು ಶುರು. ಆ ಮೊನೆಯ ಸುತ್ತ ಕಲ್ಲಿನ ಬಣ್ಣ ಮಾತ್ರ ಸ್ವಲ್ಪ ತಿಳಿ.

ಈ ಹನಿ ಬಂದ ದಾರಿಯನ್ನು ಮಗಳು ಹೊರಗೆ ಕಟ್ಟೆಯ ಮೇಲೆ ಕೂತು ನಮಗೆ ಬಿಡಿಸಿ ಹೇಳಿದಳು. ಮಳೆ ನೀರು ಗಾಳಿಯಿಂದಲೇ ಸ್ವಲ್ಪ ಕಾರ್ಬನ್ ಡೈಆಕ್ಸೈಡ್ ಹಿಡಿದುಕೊಂಡು ಬರುತ್ತದೆ. ಅದು ಸಾಲುವುದಿಲ್ಲ. ನೀರು ಕಾಡಿನ ಮಣ್ಣಿಗೆ ಇಳಿಯುತ್ತದಲ್ವಾ, ಅಲ್ಲಿ ಬೇರುಗಳು ಉಸಿರಾಡುತ್ತಿರುತ್ತವೆ, ದರಲೆಯನ್ನು (ತರಗೆಲೆಯನ್ನು) ಕೊಳೆಸುವ ಸೂಕ್ಷ್ಮಜೀವಿಗಳು ಉಸಿರಾಡುತ್ತಿರುತ್ತವೆ. ಮಣ್ಣಿನೊಳಗಿನ ಗಾಳಿಯಲ್ಲಿ ಹೊರಗಿನ ಗಾಳಿಗಿಂತ ಹತ್ತಾರು ಪಟ್ಟು ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಇರುತ್ತದೆ. ಅದನ್ನು ಕುಡಿದ ನೀರು ಸೋಡಾದ ಹಾಗೆ ಸಣ್ಣಗೆ ಹುಳಿಯಾಗುತ್ತದೆ. ಆ ಹುಳಿ ನೀರು ಬಂಡೆಯ ಬಿರುಕಿನಲ್ಲಿ ಇಳಿಯುತ್ತಾ ಸುಣ್ಣವನ್ನು ಕರಗಿಸಿಕೊಂಡು ಬರುತ್ತದೆ. ಬಿರುಕು ಅಗಲವಾಗಿ ಸೀಳಾಗುತ್ತದೆ, ಸೀಳು ಗುಹೆಯಾಗುತ್ತದೆ. ಗುಹೆಯ ಗಾಳಿಗೆ ಬಂದಾಗ ನೀರಿನಲ್ಲಿದ್ದ ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತದೆ. ಆಗ ಕರಗಿದ ಸುಣ್ಣವನ್ನು ನೀರು ಹಿಡಿದುಕೊಳ್ಳಲಾರದು, ಅಲ್ಲೇ ಬಿಟ್ಟುಬಿಡುತ್ತದೆ. ಗುಹೆಗಳ ಮಾಡಿನಿಂದ ಇಳಿಬಿದ್ದ ಕಲ್ಲು, ನೆಲದಿಂದ ಎದ್ದ ಕಲ್ಲು ಎಲ್ಲ ಹುಟ್ಟುವುದು ಹೀಗೆ. ಬೆಳೆಯುವುದು ಹೆಚ್ಚುಕಡಿಮೆ ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು. ಗೇಣುದ್ದ ಬೆಳೆಯಲು ಸಾವಿರಾರು ವರ್ಷ.

ಅಣ್ಣ ಕೇಳಿದ, "ಹಾಂಗಾರೆ ನಮ್ಮ್ ಗೂಡಲ್ಲ್ ಬೆಂಕಿ ಮಾಡೂ ಕೆಲ್ಸ ಇಲ್ಲಿ ನೀರ್ ಮಾಡತ್ತಾ?"

"ಹೌದು ಮಾವ. ಬೆಂಕಿ ಇಲ್ಲ, ಅದಕ್ಕೇ ಇಷ್ಟು ನಿಧಾನ."

ನನ್ನ ತಲೆಯಲ್ಲಿ ಕೂತದ್ದು ಬೇರೆ ಮಾತು. ಗುಹೆ ಮಾಡಿದ್ದು ನೀರು, ಸರಿ. ಆದರೆ ನೀರಿಗೆ ಆ ಹುಳಿ ಕೊಟ್ಟದ್ದು ಕಾಡು. ಸುತ್ತಲಿನ ಮರ ಕಡಿದು ಮಣ್ಣು ತೊಳೆದು ಹೋದರೆ ಬೇರಿನ ಉಸಿರು ಇಲ್ಲ, ಮಳೆ ನೀರು ನಿಂತು ಇಂಗುವುದೂ ಇಲ್ಲ. ಆಮೇಲೆ ಲಿಂಗದ ಮೇಲೆ ಬೀಳುವ ಹನಿ ಎಲ್ಲಿಂದ ಬರಬೇಕು? ನಾವು ದೇವಸ್ಥಾನಕ್ಕೆ ಹರಕೆ ಹೇಳುತ್ತೇವೆ, ಗಂಟೆ ಕೊಡುತ್ತೇವೆ, ಹಿತ್ತಾಳೆ ದೀಪ ಕೊಡುತ್ತೇವೆ. ಇಲ್ಲಿ ದಿನಾ ಅಭಿಷೇಕ ನಡೆಸುತ್ತಿರುವುದು ಸುತ್ತಲಿನ ಗುಡ್ಡದ ಹೊನ್ನೆ, ಮತ್ತಿ, ರಾಮಪತ್ರೆ ಮರಗಳು. ಕಾಡನ್ನು ಬಿಟ್ಟು ಗುಹೆಯನ್ನು ಮಾತ್ರ ಉಳಿಸಿಕೊಳ್ಳಲು ಸಾಧ್ಯವೇ ಇಲ್ಲ ಅಂತ ನನಗೆ ಅಲ್ಲಿ ಕೂತಾಗ ಗಟ್ಟಿಯಾಯಿತು.

ಜೀವಜಂತುಗಳೂ ಇದೇ ಲೆಕ್ಕದಲ್ಲಿ ಸೇರಿಕೊಂಡಿವೆ. ಬಂಡೆಯ ಬುಡದಲ್ಲಿ, ಪಾಚಿ ಕಟ್ಟಿದ ಜಾಗದಲ್ಲಿ ಬಸವನಹುಳುಗಳು ಕಂಡವು. ಸಣ್ಣವು, ಹೆಸರುಕಾಳಿನಷ್ಟು. ಅವು ಕಲ್ಲಿಗೆ ಬಾಯಿ ಹಚ್ಚಿ ಪಾಚಿ ಕೆರೆಯುತ್ತಿದ್ದವು. ಮುರಕಲ್ಲಿನ ನೆಲದಲ್ಲಿ ಬಸವನಹುಳುವಿಗೆ ಚಿಪ್ಪು ಕಟ್ಟಲು ಸುಣ್ಣ ಸಿಗುವುದು ಕಷ್ಟ. ಸುಣ್ಣದಕಲ್ಲಿನ ಜಾಗದಲ್ಲಿ ಬೇಕಾದಷ್ಟು. ಜಗತ್ತಿನ ಬೇರೆ ಸುಣ್ಣದ ಗುಡ್ಡಗಳಲ್ಲೂ ಬಸವನಹುಳುಗಳ ಜಾತಿಗಳು ತುಂಬ ಜಾಸ್ತಿ ಇರುವುದು ಈ ಕಾರಣಕ್ಕೇ. ಒಂದನ್ನು ಮಗಳು ಫೋನಿನಲ್ಲಿ ದೊಡ್ಡದು ಮಾಡಿ ತೋರಿಸಿದಳು. ಚಿಪ್ಪಿನ ಮೇಲೆ ಮಳಿಗೆ ಇರುವಂಥದೇ ಬೆಳವಣಿಗೆಯ ಗೆರೆಗಳು, ಒಂದರ ಪಕ್ಕ ಒಂದು.

ಸೀಳಿನ ಮೇಲ್ಭಾಗದ ಕತ್ತಲಲ್ಲಿ ಬಾವಲಿಗಳು. ಕಣ್ಣಿಗೆ ಕಾಣುವ ಮೊದಲೇ ಹಿಕ್ಕೆಯ ಘಾಟು ಬರುತ್ತದೆ. ಕೆಲವರು ಮೂಗು ಮುಚ್ಚಿಕೊಂಡರು. ಆ ಹಿಕ್ಕೆಯನ್ನೇ ತಿಂದು ಗುಹೆಯ ಹುಳಗಳು ಬದುಕುತ್ತವೆ. ಕತ್ತಲಲ್ಲಿ ಗಿಡ ಬೆಳೆಯುವುದಿಲ್ಲ, ಹಾಗಾಗಿ ಹೊರಗಿನ ಅನ್ನ ಒಳಗೆ ಬರುವುದು ಹೆಚ್ಚಾಗಿ ಬಾವಲಿಯ ಹೊಟ್ಟೆಯಲ್ಲಿ. ಒಬ್ಬ ಹುಡುಗ ಮೇಲಕ್ಕೆ ಟಾರ್ಚ್ ಬಿಟ್ಟು ಕೂಗಿದಾಗ ಅವೆಲ್ಲ ಎದ್ದು ಗಿರಗಿರ ಸುತ್ತಿದವು. ಹಗಲು ಮಲಗುವ ಪ್ರಾಣಿಯನ್ನು ಹೀಗೆ ಎಬ್ಬಿಸುವುದು ನನಗೆ ಸಹಿಸಲಿಕ್ಕಾಗಲಿಲ್ಲ. ಹುಡುಗನಿಗೆ ಹೇಳಿದೆ. ಅವನು ಟಾರ್ಚ್ ಆರಿಸಿದ. ಮಕ್ಕಳಿಗೆ ಹೇಳಿದರೆ ಕೇಳುತ್ತಾರೆ.

ಹೊರಗೆ ಬಂದು ಭೈರವೇಶ್ವರ ಶಿಖರದ ಎತ್ತರದ ಚಾಚಿಗೆ ಕಣ್ಣು ಹಾಯಿಸಿದರೆ ಹೆಜ್ಜೇನು ಗೂಡುಗಳು. ಅವನ್ನು ನೋಡುತ್ತಾ ನಾನು ಕುತ್ತಿಗೆ ನೋವು ಬರುವವರೆಗೆ ನಿಂತಿದ್ದೆ. ತುಡುವೆ ಜೇನು ಪೊಟರೆಯಲ್ಲಿ ಅಡಗಿಕೊಂಡು ಹಲವು ಎರಿ ಕಟ್ಟುತ್ತದೆ. ಹೆಜ್ಜೇನು ಬಯಲಲ್ಲೇ ಒಂದು ದೊಡ್ಡ ಎರಿ ಇಳಿಬಿಟ್ಟು ಅದರ ಮೇಲೆ ತಾವೇ ಮುಚ್ಚಿಕೊಂಡು ಕೂರುತ್ತವೆ. ಮಳೆ, ಗಾಳಿ, ಶತ್ರು ಎಲ್ಲದಕ್ಕೂ ಅವುಗಳ ಮೈಯೇ ಗೋಡೆ. ಮಗಳ ಹತ್ತಿರ ಬೈನಾಕ್ಯುಲರ್ ಇತ್ತು. ಅದರಲ್ಲಿ ನೋಡುವಾಗ ಗೂಡಿನ ಒಂದು ಮೂಲೆಯಿಂದ ಕಪ್ಪು ಅಲೆಯೊಂದು ಎದ್ದು ಮೈಯೆಲ್ಲ ಹಾದು ಇನ್ನೊಂದು ಮೂಲೆಗೆ ಹೋಯಿತು. ಮತ್ತೆ ಇನ್ನೊಂದು. ಕಣಜ ಹತ್ತಿರ ಸುಳಿದರೆ ಸಾಲು ಸಾಲಾಗಿ ಹುಳಗಳು ಹಿಂಭಾಗ ಎತ್ತಿ ಇಳಿಸುತ್ತವೆ. ಒಂದು ಎತ್ತಿದ ಕೂಡಲೇ ಪಕ್ಕದ್ದು, ಅದರ ಪಕ್ಕದ್ದು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಅಲೆ ಮುಗಿಯುತ್ತದೆ. ಕಣಜಕ್ಕೆ ಎಲ್ಲಿ ಎರಗಬೇಕು ಅಂತಲೇ ತಿಳಿಯುವುದಿಲ್ಲ, ವಾಪಸ್ ಹೋಗುತ್ತದೆ. ಇಂಥ ಗೂಡಿನ ಕೆಳಗೆ ಬೀಡಿ ಸೇದುವುದು, ಪಟಾಕಿ ಹಚ್ಚುವುದು, ಡ್ರೋನ್ ಹಾರಿಸುವುದು ಎಷ್ಟು ಅಪಾಯ ಅಂತ ಬೇರೆ ಹೇಳಬೇಕಾ? ಹೆಜ್ಜೇನು ಎದ್ದರೆ ಓಡಿ ತಪ್ಪಿಸಿಕೊಳ್ಳುವ ಜಾಗ ಅದಲ್ಲ.

ಕೆಂದಳಿಲು ಒಂದು ಕಂಡಿತು, ಮುಸಿಯಗಳು ಕಂಡವು. ಮಂಗಟ್ಟೆ ಹಕ್ಕಿ ಕಾಣಲಿಲ್ಲ, ಆದರೆ ಮರಗಳ ಮೇಲಿನಿಂದ ಅದರ ರೆಕ್ಕೆಯ ಸದ್ದು ಹಾದು ಹೋದದ್ದು ಮೂವರಿಗೂ ಕೇಳಿಸಿತು. ಈ ತಿಂಗಳುಗಳಲ್ಲಿ ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ಸೇರಿ, ಕೊಕ್ಕು ತೂರುವಷ್ಟು ಸಂದಿ ಬಿಟ್ಟು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ. ಮೊಟ್ಟೆಯೊಡೆದು ಮರಿ ಬೆಳೆಯುವವರೆಗೂ ಗಂಡು ಹಣ್ಣು ತಂದು ಉಣಿಸಬೇಕು. ಆ ಗಂಡು ಸತ್ತರೆ ಒಳಗಿನ ಸಂಸಾರಕ್ಕೇ ಅಪಾಯ. ಸಿಂಗಳೀಕ ನೋಡುವ ಆಸೆ ಮಗಳಿಗಿತ್ತು. ಅವು ಇರುವುದು ಅಘನಾಶಿನಿ ಕಣಿವೆಯ ದಟ್ಟ ಕಾಡಿನಲ್ಲಿ. ಅಲ್ಲಿ ಸುಮಾರು 300 ಚದರ ಕಿಲೋಮೀಟರ್ ಕಾಡನ್ನು 2011ರಲ್ಲಿ ಸಿಂಗಳೀಕಗಳಿಗಾಗಿಯೇ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ್ದಾರೆ. ಮರದಿಂದ ಮರಕ್ಕೆ ಹೋಗುವ ಪ್ರಾಣಿ, ನೆಲಕ್ಕೆ ಇಳಿಯುವುದೇ ಕಡಿಮೆ. ಕಾಡಿನ ಮಾಡು ತುಂಡಾದರೆ ಅದರ ಲೋಕವೇ ತುಂಡಾಗುತ್ತದೆ.

ಒಂದು ಬೇಸರ ಹೇಳಲೇಬೇಕು. ಸೀಳಿನ ಗೋಡೆಯ ಮೇಲೆ ಹೆಸರುಗಳು. ಕೀಲಿಕೈಯಲ್ಲೋ ಕಲ್ಲಲ್ಲೋ ಗೀಚಿದ್ದು, ಪ್ರೀತಿಯ ಗುರುತು ಸಮೇತ. ಕಪ್ಪು ಮೈ ಹೋಗಿ ಒಳಗಿನ ತಿಳಿ ಬಣ್ಣ ಕಾಣುತ್ತದೆ, ಅದಕ್ಕೇ ಅಕ್ಷರ ಎದ್ದು ಕಾಣುತ್ತವೆ. ಅಣ್ಣ ಒಂದು ಅಕ್ಷರದ ಮೇಲೆ ಬೆರಳಾಡಿಸಿ, "ಸುಣ್ಣ ಮೆತ್ತಂಗ್ ಇರತ್ತ್ ಅಂದೇಳಿ ಹೀಂಗ್ ಮಾಡೂದಾ" ಅಂದ. ಅವನ ದನಿಯಲ್ಲಿ ನೋವಿತ್ತು. ಹೊಳೆಯ ಕಲ್ಲುಗಳ ಸಂದಿಯಲ್ಲಿ ಶಾಂಪೂ ಪ್ಯಾಕೆಟ್ಟು, ಲೇಸ್ ಪ್ಯಾಕೆಟ್ಟು. ಕೈಗೆ ಸಿಕ್ಕಿದಷ್ಟನ್ನು ಹೆಕ್ಕಿ ಚೀಲಕ್ಕೆ ಹಾಕಿಕೊಂಡೆವು. ಈ ಹೊಳೆ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿದ್ದರೆ ಯಾರೂ ಅಲ್ಲಿ ಶಾಂಪೂ ಹಚ್ಚಿ ತಲೆ ತೊಳೆಯುತ್ತಿರಲಿಲ್ಲ.

ಅದು ಹೋಗುವುದು ಅಘನಾಶಿನಿಗೆ. ಬಂಡೆಯಿಂದ ಕರಗಿದ ಸುಣ್ಣವೂ ಆ ನೀರಿನೊಟ್ಟಿಗೆ ಹೋಗುತ್ತದೆ. ದಾರಿಯಲ್ಲಿ ಸ್ವಲ್ಪ ಇಳಿಸಿ ಹೋಗುವುದೂ ಉಂಟು. ಮಾಬಗಿಯ ಹತ್ತಿರದ ವಿಭೂತಿ ಜಲಪಾತಕ್ಕೆ ಆ ಹೆಸರು ಬಂದದ್ದು ಅಲ್ಲಿನ ಬಿಳಿ ಸುಣ್ಣದಿಂದಲೇ ಅನ್ನುತ್ತಾರೆ. ನಾವು ಅಲ್ಲಿಗೆ ಹೋಗಲಿಲ್ಲ, ಹೊತ್ತು ಸಾಲಲಿಲ್ಲ.

ಅಘನಾಶಿನಿ ಶಿರಸಿಯ ಕಡೆ ಹುಟ್ಟಿ ನೂರು ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ ಹರಿದು ತದಡಿಯ ಹತ್ತಿರ ಸಮುದ್ರ ಸೇರುತ್ತದೆ. ಎಲ್ಲೂ ಅಣೆಕಟ್ಟಿಲ್ಲ. ಮೇಲಿನ ಕಾಡು ಕೊಟ್ಟದ್ದೆಲ್ಲ ಕೆಳಗಿನ ಅಳಿವೆಗೆ ಬಂದು ಸೇರುತ್ತದೆ. ಆ ಅಳಿವೆಯ 4,801 ಹೆಕ್ಟೇರನ್ನು 2024ರಲ್ಲಿ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸರ್ ಪಟ್ಟಿಗೆ ಸೇರಿಸಿದರು. ಗಜನಿ ಗದ್ದೆಗಳಲ್ಲಿ ಉಪ್ಪು ನೀರಿಗೂ ಬಗ್ಗದ ಕಗ್ಗ ಭತ್ತ, ಪಕ್ಕದ ಸಾಣಿಕಟ್ಟೆಯಲ್ಲಿ ಉಪ್ಪಿನಾಗರ, ಉಪ್ಪು ನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳು, ಇಳಿತದ ಹೊತ್ತಿಗೆ ಬೆಳಚು (ಕಪ್ಪೆಚಿಪ್ಪು) ಹೆಕ್ಕುವ ಸಾಲು ಸಾಲು ಹೆಂಗಸರು.

ವಾಪಸ್ ಬರುವಾಗ ಅಣ್ಣನ ಒತ್ತಾಯಕ್ಕೆ ಹೊಳೆ ಬದಿಗೆ ಹೋದೆವು. ಅವನಿಗೆ ಬೆಳಚು ನೋಡಬೇಕಿತ್ತು. ಮೊಣಕಾಲುದ್ದ ಕೆಸರಿನಲ್ಲಿ ನಿಂತು ಬುಟ್ಟಿ ತುಂಬುತ್ತಿದ್ದ ಒಬ್ಬ ಹಿರಿಯ ಹೆಂಗಸನ್ನು "ಅಕ್ಕಾ, ಈ ವರ್ಷ ಹೆಂಗಿತ್ತ್?" ಅಂತ ಮಾತಿಗೆಳೆದ. ಚಿಪ್ಪು ಎಷ್ಟು ದಪ್ಪ, ಮರಿ ಬೆಳಚು ವಾಪಸ್ ಬಿಡುತ್ತೀರಾ ಇಲ್ಲವಾ, ಮಳೆ ಜಾಸ್ತಿಯಾದ ವರ್ಷ ಸಾಯುತ್ತವಾ, ಎಲ್ಲ ಕೇಳಿದ. ಅವರೂ ಕೆಲಸ ನಿಲ್ಲಿಸದೆ ಉತ್ತರ ಕೊಟ್ಟರು. ಸಣ್ಣವನ್ನು ಬಿಡುತ್ತೇವೆ, ನಾಳೆ ನಮಗೇ ಬೇಕಲ್ಲ ಅಂದರು. ಹಿಂದೆ ಈ ಹೂಳಿನಡಿ ಕೂಡಿದ ಹಳೇ ಚಿಪ್ಪನ್ನು ದೊಡ್ಡ ಪ್ರಮಾಣದಲ್ಲಿ ತೆಗೆದು ಸಾಗಿಸಿದ್ದುಂಟು. ತಳ ಕಲಕಿದರೆ ಜೀವ ಇರುವ ಬೆಳಚಿಗೂ ನೆಲೆ ಇರುವುದಿಲ್ಲ. ಅಣ್ಣ ಅದನ್ನು ತಾನೇ ಹೇಳಿದ. ತಾನೂ ಚಿಪ್ಪು ಸುಟ್ಟವನು, ಆದರೆ ನಮ್ಮ ಕಡೆ ತಿಂದು ಬಿಟ್ಟ ಚಿಪ್ಪು, ದಡಕ್ಕೆ ಬಿದ್ದ ಚಿಪ್ಪು ಮಾತ್ರ ತರುತ್ತಿದ್ದರು, ಹೊಳೆಯ ಹೊಟ್ಟೆ ಬಗೆದು ತರುತ್ತಿರಲಿಲ್ಲ ಅಂತ.

ಬೆಳಚು ತನ್ನ ಚಿಪ್ಪಿಗೆ ಬೇಕಾದ ಸುಣ್ಣವನ್ನು ಸುತ್ತಲಿನ ನೀರಿನಿಂದಲೇ ತೆಗೆದುಕೊಳ್ಳುತ್ತದೆ. ಸಮುದ್ರದ ನೀರಿನದ್ದು, ಹೊಳೆ ನೀರಿನದ್ದು ಎರಡೂ ಅದರಲ್ಲಿ ಸೇರಿರುತ್ತದೆ. ಆ ಹೆಂಗಸಿನ ಬುಟ್ಟಿಯಲ್ಲಿದ್ದ ಚಿಪ್ಪಿನಲ್ಲಿ ಯಾಣದ ಒಂದು ಕಣವಾದರೂ ಇರಬಹುದಾ ಅಂತ ನಾನು ಮಗಳನ್ನು ಕೇಳಿದೆ. ಬೇರೆ ಬೇರೆ ಕಲ್ಲಿನಿಂದ ಬಂದ ನೀರಿಗೆ ಬೇರೆ ಬೇರೆ ಗುರುತು ಇರುತ್ತದೆ, ಸ್ಟ್ರಾನ್ಷಿಯಂ ಅನ್ನುವ ಧಾತುವಿನ ಐಸೊಟೋಪು ಅಳೆದು ಹೊಳೆಯ ಪಾಲೆಷ್ಟು ಅಂತ ಹುಡುಕುವ ವಿಧಾನ ಇದೆ ಅಂದಳು. ಅಣ್ಣ ಆ ಹೆಂಗಸಿನಿಂದ ಬೆಳಚು ಕೊಂಡುಕೊಂಡ. ಮಾಂಸ ಅಡುಗೆಗೆ, ಚಿಪ್ಪು ಇವಳ ಓದಿಗೆ ಅಂದ. ರಾತ್ರಿ ಕುಂದಾಪುರದಲ್ಲಿ ಅತ್ತಿಗೆ ಕಾಯಿ ಹಾಕಿ ಸುಕ್ಕ ಮಾಡಿದರು. ಚಿಪ್ಪುಗಳನ್ನು ಮಗಳು ತೊಳೆದು, ಜಾಗ ಮತ್ತು ತಾರೀಕು ಬರೆದ ಕವರಿನಲ್ಲಿ ಹಾಕಿ ಕೊಣಾಜೆಗೆ ತೆಗೆದುಕೊಂಡು ಹೋಗಿದ್ದಾಳೆ.

ಹೋಗುವವರಿಗೆ ಎರಡು ಮಾತು. ಜೋರು ಮಳೆಯಲ್ಲಿ ಮೆಟ್ಟಿಲು ಪಾಚಿ ಕಟ್ಟಿರುತ್ತದೆ, ಇಂಬಳವೂ ಜಾಸ್ತಿ, ವಯಸ್ಸಾದವರನ್ನು ಕರೆದುಕೊಂಡು ಹೋಗಬೇಡಿ. ಶಿವರಾತ್ರಿಯ ದಿನಗಳಲ್ಲಿ ತುಂಬ ಜನ. ಗುಹೆಯೊಳಗೆ ನೀರು ಚೆನ್ನಾಗಿ ತೊಟ್ಟಿಕ್ಕುವುದನ್ನು ನೋಡಬೇಕಾದರೆ ಮಳೆ ಬಿಟ್ಟ ಮೇಲೆ, ನವೆಂಬರಿನಿಂದ ಜನವರಿಯೊಳಗೆ, ಬೆಳಿಗ್ಗೆ ಬೇಗ ತಲುಪಿ. ತಿಂಡಿ ಕಟ್ಟಿಕೊಂಡು ಹೋದರೆ ಸ್ಟೀಲ್ ಡಬ್ಬಿಯಲ್ಲಿ ಒಯ್ಯಿರಿ, ಅಲ್ಲಿ ಬಿಟ್ಟು ಬರುವಂಥದ್ದು ಏನೂ ಬೇಡ.